ಫ್ರಿಜ್ ಮ್ಯಾಗ್ನೆಟ್ ನಿಲ್ಲುತ್ತಿಲ್ಲವೇ? ಮೊದಲು ಸಂದು ನೋಡಿ

ಫ್ರಿಜ್ಜಿನ ಬಾಗಿಲಿನಿಂದ ಮ್ಯಾಗ್ನೆಟ್ ಬಿದ್ದರೆ ಎಲ್ಲರ ಬಾಯಲ್ಲೂ ಬರುವುದು ಒಂದೇ ಮಾತು: "ಇದರ ಪವರ್ ಹೋಯಿತು." ಪವರ್ ಹೋಗುವುದು ಬಹಳ ಅಪರೂಪ. ಸಾಧಾರಣ ಕಪ್ಪು ಫೆರೈಟ್ (ಕಬ್ಬಿಣದ ಆಕ್ಸೈಡಿನಿಂದ ಮಾಡಿದ) ಮ್ಯಾಗ್ನೆಟ್ಟನ್ನು ಅದರ ಪಾಡಿಗೆ ಬಿಟ್ಟರೆ ಅದು ನಿಮ್ಮ ಫ್ರಿಜ್ಜಿಗಿಂತ ಜಾಸ್ತಿ ವರ್ಷ ಬಾಳುತ್ತದೆ. ಕೆಡುವುದು ಮ್ಯಾಗ್ನೆಟ್ಟಿಗೂ ಕಬ್ಬಿಣಕ್ಕೂ ನಡುವಿನ ಸಂದು. ಅಲ್ಲಿ ಎಣ್ಣೆ ಜಿಡ್ಡು ಕೂತಿರುತ್ತದೆ, ಬಣ್ಣದ ಕೆಳಗೆ ತುಕ್ಕು ಎದ್ದಿರುತ್ತದೆ, ನಾಲ್ಕು ಬಿಲ್ಲು ಸೇರಿಕೊಂಡಿರುತ್ತವೆ, ಇಲ್ಲವೇ ಅಂಟು ಉಬ್ಬಿರುತ್ತದೆ.

ಮುಂಬಯಿಯ ಮನೆಗಳಲ್ಲಿ ಇದು ಸಣ್ಣ ವಿಷಯ ಅಲ್ಲ. ಬಾಡಿಗೆ ಫ್ಲ್ಯಾಟಿನ ಗೋಡೆಗೆ ಮೊಳೆ ಹೊಡೆದರೆ ಮಾಲೀಕರು ಡಿಪಾಸಿಟ್ಟಿನಲ್ಲಿ ಹಿಡಿಯುತ್ತಾರೆ. ಹಾಗಾಗಿ ಸೊಸೈಟಿಯ ಮೆಂಟೆನೆನ್ಸ್ ಬಿಲ್ಲು, ಪೈಪ್ ಗ್ಯಾಸಿನ ಬಿಲ್ಲು, ಹಾಲಿನವರ ಲೆಕ್ಕ, ಮಾಟುಂಗದ ಮೈಸೂರು ಅಸೋಸಿಯೇಷನ್ನಿನ ನಾಟಕದ ಆಮಂತ್ರಣ, ಊರಿನ ಬ್ರಹ್ಮಕಲಶದ ಕರೆಯೋಲೆ ಎಲ್ಲ ಬಂದು ಕೂರುವುದು ಫ್ರಿಜ್ಜಿನ ಮೇಲೆ. ಅದರ ಮೇಲೆ ಇಲ್ಲಿನ ಮಳೆಗಾಲ. ಜೂನಿನಿಂದ ಸೆಪ್ಟೆಂಬರ್ ತನಕ ಮನೆಯಲ್ಲಿ ಹಪ್ಪಳ ಗರಿಗರಿ ಉಳಿಯುವುದಿಲ್ಲ. ಅಂಥಾದ್ದರಲ್ಲಿ ಅಂಟು, ಹಲಗೆ, ಕಾಗದ ಸುಮ್ಮನಿರುತ್ತವೆಯೇ?

ಮೊದಲ ಪರೀಕ್ಷೆ: ತಪ್ಪು ಯಾರದ್ದು?

ಬೇಕಾಗುವ ಸಾಮಾನು ಎಲ್ಲ ಮನೆಯಲ್ಲೇ ಇರುತ್ತದೆ. ಚೆನ್ನಾಗಿ ಹಿಡಿಯುತ್ತದೆ ಅಂತ ಗೊತ್ತಿರುವ ಒಂದು ಮ್ಯಾಗ್ನೆಟ್, ಒಂದು ಹೊಲಿಗೆ ಸೂಜಿ (ಇದು ಕೊನೆಯ ಭಾಗಕ್ಕೆ ಬೇಕು), ಒಂದು ಹಾಳೆ ಕಾಗದ, ಮತ್ತೆ ಖಂಡಿತವಾಗಿ ಕಬ್ಬಿಣ ಎನ್ನಬಹುದಾದ ಒಂದು ಸಪಾಟು ಜಾಗ. ಮಲಗುವ ಕೋಣೆಯ ಗೋದ್ರೆಜ್ ಕಪಾಟಿನ ಪಕ್ಕದ ತಗಡು ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. ದೋಸೆ ಕಾವಲಿಯೂ ಆಗುತ್ತದೆ, ಆದರೆ ಎಣ್ಣೆ ಕಟ್ಟಿ ಮೈ ಒರಟಾಗಿದ್ದರೆ ಅಲ್ಲೇ ಒಂದು ಸಂದು ಹುಟ್ಟಿ ಪರೀಕ್ಷೆ ಕೆಡುತ್ತದೆ.

ಬೀಳುತ್ತಿರುವ ಮ್ಯಾಗ್ನೆಟ್ಟನ್ನು ಕಪಾಟಿಗೆ ಹಚ್ಚಿ. ಒಳ್ಳೆಯ ಮ್ಯಾಗ್ನೆಟ್ಟನ್ನು ಫ್ರಿಜ್ಜಿನಲ್ಲಿ ಅದೇ ಜಾಗಕ್ಕೆ ಹಚ್ಚಿ. ಕಪಾಟಿನಲ್ಲಿ ನಿಂತದ್ದು ಫ್ರಿಜ್ಜಿನಲ್ಲಿ ಬಿದ್ದರೆ ತಪ್ಪು ಬಾಗಿಲಿನದ್ದು. ಎರಡೂ ಕಡೆ ಬಿದ್ದರೆ ಮ್ಯಾಗ್ನೆಟ್ಟಿನದ್ದು ಅಥವಾ ಅದನ್ನು ಅಂಟಿಸಿದ ರೀತಿಯದ್ದು. ಎರಡೂ ಕಡೆ ನಿಂತು, ಕಾಗದ ಇಟ್ಟ ಕೂಡಲೇ ಬಿದ್ದರೆ ಅದು ಬೇರೆಯೇ ಕಥೆ, ಮುಂದೆ ಬರುತ್ತದೆ.

ಪರೀಕ್ಷೆಗೆ ಮೊದಲು ಬಾಗಿಲನ್ನೂ ಮ್ಯಾಗ್ನೆಟ್ಟಿನ ಬೆನ್ನನ್ನೂ ಒರೆಸಿ. ಒಗ್ಗರಣೆಯ ಹೊಗೆ ಫ್ರಿಜ್ಜಿನ ಮೇಲೆ ತೆಳ್ಳಗೆ ಜಿಡ್ಡಾಗಿ ಕೂರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಬೆರಳಿಂದ ಉಜ್ಜಿದರೆ ಗೊತ್ತಾಗುತ್ತದೆ. ಉಗುರು ಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ ಹಾಕಿ ಒರೆಸಿ, ಒಣಬಟ್ಟೆಯಲ್ಲಿ ಮತ್ತೊಮ್ಮೆ ಒರೆಸಿ. ಎಷ್ಟೋ ದೂರು ಇಲ್ಲಿಗೇ ಮುಗಿಯುತ್ತದೆ.

ಬಾಗಿಲಿಗೆ ಯಾವ ಮ್ಯಾಗ್ನೆಟ್ಟೂ ಹಿಡಿಯುವುದೇ ಇಲ್ಲ

"ಏನು ಮಾರಾಯ್ರೇ, ಅಷ್ಟು ದುಡ್ಡು ಸುರಿದು ತಂದ ಫ್ರಿಜ್ಜು, ಒಂದು ಮ್ಯಾಗ್ನೆಟ್ಟೂ ನಿಲ್ಲುವುದಿಲ್ಲ. ಡುಪ್ಲಿಕೇಟಾ ಇದು?" ಅಂತ ಮೇಲಿನ ಮನೆಯ ಅಕ್ಕ ಕೇಳಿದ್ದರು.

"ಡುಪ್ಲಿಕೇಟ್ ಅಲ್ಲ ಅಕ್ಕ. ಸ್ಟೀಲು ಬೇರೆ ಜಾತಿಯದ್ದು, ಅದಕ್ಕೇ ನಿಲ್ಲುವುದಿಲ್ಲ."

ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಎರಡು ದೊಡ್ಡ ಪಂಗಡಗಳಿವೆ. 304 ಅನ್ನುವ ದರ್ಜೆಯಲ್ಲಿ ಸುಮಾರು ಶೇ. 18 ಕ್ರೋಮಿಯಂ, ಶೇ. 8 ನಿಕ್ಕಲ್ ಇರುತ್ತದೆ. ಆ ನಿಕ್ಕಲ್ಲಿನಿಂದಾಗಿ ಒಳಗಿನ ಪರಮಾಣುಗಳ ಜೋಡಣೆಯೇ ಬದಲಾಗಿ, ಮ್ಯಾಗ್ನೆಟ್ ಹಿಡಿಯುವುದಿಲ್ಲ. 430 ಅನ್ನುವುದರಲ್ಲಿ ಶೇ. 16ರಿಂದ 18 ಕ್ರೋಮಿಯಂ ಇದ್ದರೂ ನಿಕ್ಕಲ್ ಇಲ್ಲವೆನ್ನಬಹುದು. ಅದಕ್ಕೆ ಮ್ಯಾಗ್ನೆಟ್ ಗಟ್ಟಿಯಾಗಿ ಹಿಡಿಯುತ್ತದೆ. ಹೊಳೆಯುವ ಬಾಗಿಲು ಯಾವ ಪಂಗಡದ್ದು ಅಂತ ಕಣ್ಣಲ್ಲಿ ನೋಡಿ ಹೇಳಲು ಆಗುವುದಿಲ್ಲ. ಬಣ್ಣ ಬಳಿದ ಅಥವಾ ಹೂವಿನ ಚಿತ್ರದ ಬಾಗಿಲುಗಳು ಹೆಚ್ಚಾಗಿ ಸಾದಾ ಉಕ್ಕಿನ ತಗಡು, ಅವುಗಳಲ್ಲಿ ಈ ತಕರಾರು ಇಲ್ಲ.

ಅಂಗಡಿಗೆ ಹೋಗುವಾಗ ಜೇಬಿನಲ್ಲಿ ಒಂದು ಸಣ್ಣ ಮ್ಯಾಗ್ನೆಟ್ ಇಟ್ಟುಕೊಂಡು ಹೋಗಿ. ನಾಚಿಕೆ ಏನಿಲ್ಲ. ಭುಲೇಶ್ವರದ ಪಾತ್ರೆ ಅಂಗಡಿಗಳಲ್ಲಿ ಗಿರಾಕಿಗಳು ಮಾಡುವುದೂ ಅದನ್ನೇ ಅಲ್ವಾ? ಅಲ್ಲಿ ಒಂದು ತಪ್ಪು ತಿಳುವಳಿಕೆ ಇದೆ, ಮಾತು ಬಂದದ್ದಕ್ಕೆ ಹೇಳಿಬಿಡುತ್ತೇನೆ. ಮ್ಯಾಗ್ನೆಟ್ ಹಿಡಿಯದಿದ್ದರೆ "ಅಸಲಿ 304" ಅಂತ ನಂಬಿಸುತ್ತಾರೆ. ನಿಕ್ಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಸೇರಿಸಿದ 201, 202 ಅನ್ನುವ ಅಗ್ಗದ ಸ್ಟೀಲುಗಳಿಗೂ ಮ್ಯಾಗ್ನೆಟ್ ಹಿಡಿಯುವುದಿಲ್ಲ. ಅವು 304ರಷ್ಟು ತುಕ್ಕು ತಡೆಯುವುದಿಲ್ಲ. ಹಾಗಾಗಿ ಈ ಪರೀಕ್ಷೆಯಿಂದ 304 ಅಂತ ಸಾಬೀತಾಗುವುದಿಲ್ಲ. ಇಂಡಕ್ಷನ್ ಒಲೆಗೆ ಪಾತ್ರೆ ಕೊಳ್ಳುವಾಗ ಮಾತ್ರ ಮ್ಯಾಗ್ನೆಟ್ಟಿನ ತೀರ್ಪು ನಂಬಬಹುದು: ತಳಕ್ಕೆ ಗಟ್ಟಿಯಾಗಿ ಹಿಡಿದರೆ ಒಲೆ ಆ ಪಾತ್ರೆಯನ್ನು ಒಪ್ಪುತ್ತದೆ.

ಇನ್ನೊಂದು ಗೊಂದಲ: ಬಾಗಿಲಿನ ನಡುವೆ ಹಿಡಿಯುವುದಿಲ್ಲ, ಅಂಚು ಮಡಚಿದ ಜಾಗದಲ್ಲಿ ಅಷ್ಟಿಷ್ಟು ಹಿಡಿಯುತ್ತದೆ. 304ರ ತಗಡನ್ನು ಜೋರಾಗಿ ಬಗ್ಗಿಸಿದ ಕಡೆ ಒಳರಚನೆ ಸ್ವಲ್ಪ ಬದಲಾಗಿ ಆ ಜಾಗಕ್ಕೆ ಮಾತ್ರ ಮ್ಯಾಗ್ನೆಟ್ಟಿನ ಸೆಳೆತ ಬರುತ್ತದೆ. ಅಡುಗೆಮನೆಯ ಸಿಂಕಿನ ಮೂಲೆಯಲ್ಲಿ ಮ್ಯಾಗ್ನೆಟ್ ಇಟ್ಟು ನೋಡಿ, ಕೆಲವು ಸಿಂಕುಗಳಲ್ಲಿ ಹೀಗೇ ಆಗುತ್ತದೆ. ಇದು ದೋಷ ಅಲ್ಲ.

ಗಾಜಿನ ಬಾಗಿಲಿನ ಫ್ರಿಜ್ಜಾದರೆ ವಾದವೇ ಬೇಡ. ಗಾಜಿನ ದಪ್ಪವೇ ಒಂದು ದೊಡ್ಡ ಸಂದು. ಹಠ ಹಿಡಿದು ಬೆಳ್ಳಿಯಂತೆ ಹೊಳೆಯುವ, ಬಲವಾದ ನಿಯೋಡಿಮಿಯಂ ಮ್ಯಾಗ್ನೆಟ್ ಹಚ್ಚಲು ಹೋದರೆ ಗಾಜಿಗೆ ಗೀರು ಬೀಳಬಹುದು.

ಎರಡೂ ಸಂದರ್ಭಕ್ಕೆ ಪರಿಹಾರ ಒಂದೇ: ಫ್ರಿಜ್ಜಿನದ್ದೇ ಪಕ್ಕದ ಮೈ. ಬಾಗಿಲು ಎಂಥದ್ದೇ ಇರಲಿ, ಪಕ್ಕದ ತಗಡು ಹೆಚ್ಚಿನ ಫ್ರಿಜ್ಜುಗಳಲ್ಲಿ ಬಣ್ಣ ಬಳಿದ ಸಾದಾ ಉಕ್ಕೇ. ಆದರೆ ಒಂದು ಎಚ್ಚರಿಕೆ. ಈಗಿನ ಎಷ್ಟೋ ಫ್ರಿಜ್ಜುಗಳಲ್ಲಿ ಬಿಸಿ ಹೊರಹಾಕುವ ಕೊಳವೆ ಪಕ್ಕದ ತಗಡಿನ ಒಳಗೇ ಓಡುತ್ತದೆ. ಕೈ ಇಟ್ಟರೆ ಬೆಚ್ಚಗಿರುತ್ತದೆ. ಅಂಥ ಕಡೆ ನಾಲ್ಕು ಮ್ಯಾಗ್ನೆಟ್, ಎರಡು ಚೀಟಿ ಇದ್ದರೆ ಏನೂ ಆಗುವುದಿಲ್ಲ. ಇಡೀ ಪಕ್ಕವನ್ನೇ ಕ್ಯಾಲೆಂಡರಿನಿಂದ ಮುಚ್ಚಬೇಡಿ.

ಹಿಡಿಯುತ್ತದೆ, ಆದರೆ ನಿಧಾನವಾಗಿ ಕೆಳಗೆ ಜಾರುತ್ತದೆ

ರಾತ್ರಿ ಕಣ್ಣಿನ ಎತ್ತರಕ್ಕೆ ಹಚ್ಚಿದ ಮ್ಯಾಗ್ನೆಟ್ ಬೆಳಿಗ್ಗೆ ಹೊಟ್ಟೆಯ ಎತ್ತರದಲ್ಲಿ ಸಿಗುತ್ತದೆ. ಇದು ಹಿಡಿತದ ಕೊರತೆ ಅಲ್ಲ, ಉಜ್ಜಾಟದ ಕೊರತೆ. ಮ್ಯಾಗ್ನೆಟ್ ಬಾಗಿಲನ್ನು ಎಳೆಯುವುದು ನೇರ ಒಳಕ್ಕೆ. ಭಾರ ಎಳೆಯುವುದು ಕೆಳಕ್ಕೆ. ಈ ಎರಡರ ನಡುವೆ ನಿಲ್ಲಿಸುವುದು ಮೈಗೆ ಮೈ ಉಜ್ಜುವ ಘರ್ಷಣೆ ಮಾತ್ರ. ನುಣುಪಾದ ಬಣ್ಣದ ತಗಡಿನ ಮೇಲೆ ಅದು ಎಳೆತದ ಸುಮಾರು ಐದನೇ ಒಂದು ಭಾಗ ಇದ್ದರೆ ಹೆಚ್ಚು. ಅಂದರೆ ಪ್ಯಾಕೆಟ್ಟಿನ ಮೇಲೆ "1 ಕಿಲೋ ಹಿಡಿಯುತ್ತದೆ" ಅಂತ ಬರೆದ ಮ್ಯಾಗ್ನೆಟ್ ನಿಂತ ಬಾಗಿಲಿನಲ್ಲಿ 200 ಗ್ರಾಮಿನ ಆಸುಪಾಸಿನಲ್ಲೇ ಜಾರಲು ಶುರು ಮಾಡುತ್ತದೆ. ಆ 1 ಕಿಲೋ ಲೆಕ್ಕವೂ ದಪ್ಪ ಕಬ್ಬಿಣದ ಮೇಲೆ ನೇರವಾಗಿ ಎಳೆದು ತೆಗೆದದ್ದು. ಫ್ರಿಜ್ಜಿನ ತಗಡು ಒಂದು ಮಿ.ಮೀ. ದಪ್ಪವೂ ಇರುವುದಿಲ್ಲ. ಬಲವಾದ ಮ್ಯಾಗ್ನೆಟ್ಟಿನ ಶಕ್ತಿಯನ್ನು ಪೂರ್ತಿ ನುಂಗಿಕೊಳ್ಳುವ ಯೋಗ್ಯತೆ ಅಷ್ಟು ತೆಳು ತಗಡಿಗೆ ಇಲ್ಲ. ಹಾಗಾಗಿ ದುಬಾರಿ ಮ್ಯಾಗ್ನೆಟ್ ತಂದರೂ ಪೂರ್ತಿ ಲಾಭ ಸಿಗುವುದಿಲ್ಲ.

ಪರೀಕ್ಷೆ ಸುಲಭ. ಮ್ಯಾಗ್ನೆಟ್ಟನ್ನು ನೇರ ಹಿಂದಕ್ಕೆ ಎಳೆಯಿರಿ. ಕಷ್ಟಪಟ್ಟು ಬಂತೇ? ಈಗ ಒಂದು ಬೆರಳಿಂದ ಕೆಳಕ್ಕೆ ತಳ್ಳಿ. ಸಲೀಸಾಗಿ ಜಾರಿತೇ? ಹಾಗಾದರೆ ಬೇಕಾದದ್ದು ಬಲವಲ್ಲ, ಒರಟು. ಮ್ಯಾಗ್ನೆಟ್ಟಿನ ಬೆನ್ನಿಗೆ ತೆಳು ರಬ್ಬರು ಅಂಟಿಸಿ. ಹಳೆಯ ಸೈಕಲ್ ಟ್ಯೂಬಿನ ತುಂಡು ದಪ್ಪವಾಯಿತು, ಬಲೂನಿನ ತುಂಡು ಸಾಕು. ತೆಳು ರಬ್ಬರಿನಿಂದ ಸ್ವಲ್ಪ ಸಂದು ಹುಟ್ಟುತ್ತದೆ ನಿಜ, ಆದರೆ ಉಜ್ಜಾಟ ಅದಕ್ಕಿಂತ ಜಾಸ್ತಿ ಹೆಚ್ಚುತ್ತದೆ. ಲಾಭವೇ ಮೇಲು. ರಬ್ಬರಿನ ಕವಚ ಹಾಕಿದ ಮ್ಯಾಗ್ನೆಟ್ಟುಗಳು ತಯಾರಾಗಿಯೂ ಸಿಗುತ್ತವೆ.

ಜುಲೈ ತಿಂಗಳಲ್ಲಿ ಮಾತ್ರ ಜಾರುತ್ತದೆ ಅನ್ನುವವರು ಬಾಗಿಲಿನ ಮೇಲೆ ಅಂಗೈ ಆಡಿಸಿ ನೋಡಿ. ಗಾಳಿಯಲ್ಲಿ ತೇವ ಜಾಸ್ತಿಯಾದಾಗ ಫ್ರಿಜ್ಜಿನ ಹೊರಮೈ, ಮುಖ್ಯವಾಗಿ ಫ್ರೀಜರಿನ ಸುತ್ತ, ಬೆವರುತ್ತದೆ. ಆ ನೀರಿನ ಪೊರೆಯ ಮೇಲೆ ಮ್ಯಾಗ್ನೆಟ್ ಜಾರುತ್ತದೆ. ಒರೆಸಿದರೆ ಅವತ್ತಿಗೆ ಸರಿ. ಬೆವರು ಒಂದೇ ಅಂಚಿನಲ್ಲಿ, ದಿನವೂ ಅಲ್ಲೇ ಕಂಡರೆ ವಿಷಯ ಬೇರೆ, ಅದಕ್ಕೆ ಕೊನೆಯ ಭಾಗ ಓದಿ.

ಬರೀ ಮ್ಯಾಗ್ನೆಟ್ ನಿಲ್ಲುತ್ತದೆ, ಕಾಗದ ಇಟ್ಟರೆ ಬೀಳುತ್ತದೆ

ಪಿಜ್ಜಾ ಅಂಗಡಿಯವರು, ಎಲ್‌ಐಸಿ ಏಜೆಂಟರು ಪುಕ್ಕಟೆ ಕೊಡುವ ತೆಳ್ಳಗಿನ, ಬಗ್ಗುವ ಮ್ಯಾಗ್ನೆಟ್ಟುಗಳ ಕಾಯಿಲೆ ಇದು. ಅವು ಫೆರೈಟ್ ಪುಡಿಯನ್ನು ರಬ್ಬರು ಅಥವಾ ಪ್ಲಾಸ್ಟಿಕ್ಕಿನಲ್ಲಿ ಕಲಸಿ ಹಾಳೆ ಮಾಡಿದ್ದು. ಅವುಗಳ ಒಂದು ಮುಖ ಉತ್ತರ, ಇನ್ನೊಂದು ಮುಖ ದಕ್ಷಿಣ ಅಂದುಕೊಂಡರೆ ತಪ್ಪು. ಬೆನ್ನಿನ ಮೇಲೆ ಉತ್ತರ, ದಕ್ಷಿಣ, ಮತ್ತೆ ಉತ್ತರ ಅಂತ ಜಮಖಾನದ ಪಟ್ಟೆಗಳ ಹಾಗೆ ಸಾಲು ಸಾಲು ಧ್ರುವಗಳಿರುತ್ತವೆ. ಒಂದೊಂದು ಪಟ್ಟೆ ಸುಮಾರು 2 ಮಿ.ಮೀ. ಅಗಲ.

ಕೈಯಾರೆ ನೋಡಬೇಕೇ? ಅಂಥ ಎರಡು ಮ್ಯಾಗ್ನೆಟ್ಟುಗಳನ್ನು ಬೆನ್ನಿಗೆ ಬೆನ್ನು ಹಚ್ಚಿ ಒಂದರ ಮೇಲೊಂದು ಜಾರಿಸಿ. ಒಂದು ದಿಕ್ಕಿನಲ್ಲಿ ಬೆಣ್ಣೆಯ ಹಾಗೆ ಹೋಗುತ್ತದೆ. ಅಡ್ಡ ದಿಕ್ಕಿನಲ್ಲಿ ಟಕ ಟಕ ಟಕ ಅಂತ ಎದ್ದು ಕೂತು ಹೋಗುತ್ತದೆ. ಪ್ರತಿ ಟಕಕ್ಕೂ ಒಂದು ಪಟ್ಟೆ ದಾಟಿತು ಅಂತ ಲೆಕ್ಕ. ಮಕ್ಕಳ ಕೈಗೆ ಕೊಟ್ಟರೆ ಅರ್ಧ ಗಂಟೆ ಸದ್ದಿಲ್ಲ.

ಈ ಪಟ್ಟೆಗಳನ್ನು ಒಂದು ವಿಶೇಷ ಕ್ರಮದಲ್ಲಿ ಜೋಡಿಸಿದರೆ ಸೆಳೆತವೆಲ್ಲ ಒಂದೇ ಮುಖಕ್ಕೆ ಬಂದು, ಚಿತ್ರ ಇರುವ ಮುಖ ಬಹುತೇಕ ಸಪ್ಪೆಯಾಗುತ್ತದೆ. ಇಂಥದ್ದು ಸಾಧ್ಯ ಅಂತ 1973ರಲ್ಲಿ ಜಾನ್ ಮ್ಯಾಲಿನ್ಸನ್ ಬರೆದರು. ಆಮೇಲೆ 1980ರ ದಶಕದಲ್ಲಿ ಕ್ಲಾಸ್ ಹಾಲ್ಬಾಕ್ ಅಮೆರಿಕದ ಬರ್ಕ್ಲಿ ಪ್ರಯೋಗಾಲಯದಲ್ಲಿ ಕಣಗಳ ವೇಗವರ್ಧಕಕ್ಕೆ ಇದೇ ಕ್ರಮ ಬಳಸಿದರು. ಆ ಜೋಡಣೆಗೆ ಈಗ ಅವರದ್ದೇ ಹೆಸರು. ಅಷ್ಟು ದೊಡ್ಡ ಯಂತ್ರದ ತತ್ವ ನಮ್ಮ ಹಾಲಿನ ಲೆಕ್ಕದ ಚೀಟಿಯನ್ನು ಹಿಡಿದುಕೊಂಡಿದೆ ಅಂದರೆ ನನಗಂತೂ ಖುಷಿ.

ಪಟ್ಟೆಗಳು ಸಣ್ಣದಾದಷ್ಟೂ ತೆಳು ಹಾಳೆಯಲ್ಲಿ ಒಳ್ಳೆ ಹಿಡಿತ ಸಿಗುತ್ತದೆ. ಆದರೆ ಸೆಳೆತ ದೂರ ಹೋಗುವುದಿಲ್ಲ. ಮೈಗೆ ಅಂಟಿಕೊಂಡಿದ್ದಾಗ ಮಾತ್ರ ಜೋರು. ಸಾಧಾರಣ ಕಾಗದ ಒಂದು ಹಾಳೆ ಸುಮಾರು 0.1 ಮಿ.ಮೀ. ದಪ್ಪ. ನಾಲ್ಕು ಹಾಳೆ ಇಟ್ಟರೆ 0.4 ಮಿ.ಮೀ. ಸಂದು. 2 ಮಿ.ಮೀ. ಪಟ್ಟೆಯ ಮ್ಯಾಗ್ನೆಟ್ಟಿಗೆ ಲೆಕ್ಕ ಹಾಕಿದರೆ ಅಷ್ಟಕ್ಕೇ ಹಿಡಿತ ಮೂರನೇ ಒಂದು ಭಾಗಕ್ಕಿಂತ ಕೆಳಗೆ ಇಳಿಯುತ್ತದೆ. ಮಡಚಿದ ಮೆಂಟೆನೆನ್ಸ್ ಬಿಲ್ಲು ಬೀಳುವುದು ಇದಕ್ಕೇ. ಬಿಲ್ಲಿನ ಮಡಿಕೆ ಬಿಡಿಸಿ ಹಚ್ಚಿ ನೋಡಿ, ಅದೇ ಮ್ಯಾಗ್ನೆಟ್ ಹಿಡಿಯುತ್ತದೆ.

ಮದುವೆ ಆಮಂತ್ರಣದ ದಪ್ಪ ರಟ್ಟಿಗೆ, ಮಾತ್ರೆಯ ಪಟ್ಟಿಗೆ, ಕ್ಯಾಲೆಂಡರಿಗೆ ಈ ತೆಳು ಹಾಳೆ ನಂಬಬೇಡಿ. ಗುಂಡಿಯ ಆಕಾರದ ಗಟ್ಟಿ ಫೆರೈಟ್ ತನ್ನಿ. ಅದರಲ್ಲಿ ಪಟ್ಟೆ ಇಲ್ಲ, ಒಂದು ಮುಖಕ್ಕೆ ಒಂದೇ ಧ್ರುವ, ಸೆಳೆತ ಜಾಸ್ತಿ ದೂರ ತಲುಪುತ್ತದೆ. ಪುಕ್ಕಟೆ ಬಂದ ತೆಳು ಮ್ಯಾಗ್ನೆಟ್ಟನ್ನು ಎಸೆಯಬೇಡಿ. ಕತ್ತರಿಯಲ್ಲಿ ಕತ್ತರಿಸಬಹುದು. ಸಣ್ಣ ತುಂಡು ಮಾಡಿ ಡಬ್ಬಿಯೊಳಗೆ ಅಂಟಿಸಿದರೆ ಹೊಲಿಗೆ ಸೂಜಿ, ಗುಂಡುಪಿನ್ನು ಚೆಲ್ಲಾಪಿಲ್ಲಿ ಆಗುವುದಿಲ್ಲ.

ಗೋವಾದಿಂದ ತಂದ ಮ್ಯಾಗ್ನೆಟ್ ಬಿತ್ತು

ಬಿದ್ದದ್ದು ಯಾವುದು ಅಂತ ಮೊದಲು ನೋಡಿ. ಚಿತ್ರದ ತುಂಡು ನೆಲದಲ್ಲಿ, ಕಪ್ಪು ಗುಂಡಿ ಇನ್ನೂ ಫ್ರಿಜ್ಜಿನ ಮೇಲೇ ಇದ್ದರೆ ದೋಷ ಅಂಟಿನದ್ದು. ಪಣಜಿಯಲ್ಲಿ ಕೊಂಡ ನೀಲಿ ಚಿತ್ರದ ಪುಟ್ಟ ಹೆಂಚು, ಓಲ್ಡ್ ಗೋವಾದ ಚರ್ಚಿನ ಬೊಂಬೆ, ತೆಂಗಿನ ಚಿಪ್ಪಿನ ಮೀನು, ಎಲ್ಲಕ್ಕೂ ಬೆನ್ನಿನಲ್ಲಿ ಒಂದು ಸಣ್ಣ ಫೆರೈಟ್ ಗುಂಡಿ, ಅದರ ಕೆಳಗೆ ಬಿಸಿ ಅಂಟಿನ ಒಂದು ತೊಟ್ಟು. ಅಷ್ಟೇ.

ಆ ಅಂಟನ್ನು ಉಗುರಿನಿಂದ ಎಬ್ಬಿಸಿ ನೋಡಿ. ಹಾಲಿನ ಕೆನೆಯ ಬಣ್ಣದ್ದು, ಸಿಪ್ಪೆಯಂತೆ ಪೂರ್ತಿ ಎದ್ದು ಬಂದರೆ ಅದು ಬಿಸಿ ಅಂಟು. ನುಣುಪು ಹೆಂಚಿನ ಮೇಲೆ ಅದಕ್ಕೆ ಹಿಡಿತ ಕಡಿಮೆ. ಒಲೆಯ ಪಕ್ಕದ ಫ್ರಿಜ್ಜಾದರೆ ಮೆತ್ತಗಾಗಿ ಕಳಚುತ್ತದೆ. ಗಾಜಿನಂತೆ ಚೂರು ಚೂರಾಗಿ ಉದುರಿದರೆ ಅದು ಫೆವಿಕ್ವಿಕ್ ತರದ್ದು. ಅಂಥ ಅಂಟು ಎಳೆತಕ್ಕೆ ಗಟ್ಟಿ, ಪೆಟ್ಟಿಗೆ ಮೆದು. ಫ್ರಿಜ್ಜಿನ ಬಾಗಿಲು ದಿನಕ್ಕೆ ಎಷ್ಟು ಸಲ ಧಡಾರ್ ಅನ್ನುತ್ತದೆ ಅಂತ ನಿಮಗೆ ಗೊತ್ತಲ್ಲ.

ರಿಪೇರಿಗೆ ಎರಡು ಟ್ಯೂಬಿನ ಎಪಾಕ್ಸಿ ಅಂಟೇ ಸರಿ. ಹಳೆ ಅಂಟನ್ನು ಪೂರ್ತಿ ಕೆರೆದು ತೆಗೆಯಿರಿ. ಗುಂಡಿಯ ಮೈಯನ್ನೂ ಹೆಂಚಿನ ಬೆನ್ನನ್ನೂ ಸ್ಯಾಂಡ್ ಪೇಪರಿನಿಂದ ಉಜ್ಜಿ ಒರಟು ಮಾಡಿ, ಧೂಳು ಒರೆಸಿ. ಎರಡೂ ಟ್ಯೂಬಿನ ಅಂಟನ್ನು ಸಮ ಸಮ ಕಲಸಿ ತೆಳ್ಳಗೆ ಹಚ್ಚಿ. ಗುಂಡಿಯ ಮುಖ ಹೊರಗೆ ಎದ್ದು ನಿಂತಿರಬೇಕು. ಕೆಲವು ಬೊಂಬೆಗಳಲ್ಲಿ ಗುಂಡಿ ಗುಳಿಯೊಳಗೆ ಕೂತು ಬೆನ್ನಿಗಿಂತ ಒಳಗಿರುತ್ತದೆ. ಅಲ್ಲಿ ಅಂಟು ಎಷ್ಟೇ ಗಟ್ಟಿ ಇದ್ದರೂ ಸಂದಿನಿಂದಾಗಿ ಹಿಡಿತ ಬರುವುದಿಲ್ಲ. ಗುಳಿಯ ತಳಕ್ಕೆ ಒಂದು ತುಂಡು ರಟ್ಟು ಹಾಕಿ ಗುಂಡಿಯನ್ನು ಮೇಲಕ್ಕೆ ತನ್ನಿ. ಒಂದು ರಾತ್ರಿ ಅಲುಗಾಡಿಸಬೇಡಿ.

ಬೊಂಬೆಯೂ ಗುಂಡಿಯೂ ಒಟ್ಟಿಗೇ ಬಿದ್ದಿದ್ದರೆ ಬೆನ್ನನ್ನು ಮೇಜಿನ ಮೇಲಿಟ್ಟು ಅಲುಗಿಸಿ. ಕಟಕಟ ಅಂದರೆ ಬೆನ್ನು ಸಪಾಟಾಗಿಲ್ಲ. ಎಂಡಿಎಫ್ ಹಲಗೆಯಲ್ಲಿ (ಮರದ ನಾರನ್ನು ಅಂಟಿನಲ್ಲಿ ಒತ್ತಿ ಮಾಡಿದ್ದು) ಮಾಡಿದ ಚಿತ್ರಗಳು ಮುಂಬಯಿಯ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಅಂಚಿನಲ್ಲಿ ಉಬ್ಬುತ್ತವೆ. ಉಬ್ಬಿದ ಅಂಚು ಗುಂಡಿಯನ್ನು ಬಾಗಿಲಿನಿಂದ ದೂರ ಎತ್ತುತ್ತದೆ. ಅಂಚನ್ನು ಉಜ್ಜಿ ಇಳಿಸಿ, ಮೇಲೆ ವಾರ್ನಿಶ್ ಒಂದು ಕೈ ಎಳೆದರೆ ಇನ್ನೊಂದು ಮಳೆ ತಡೆಯುತ್ತದೆ. ಊದಿ ಪದರ ಬಿಟ್ಟ ಹಲಗೆಗೆ ಔಷಧ ಇಲ್ಲ, ಚಿತ್ರ ಕಿತ್ತು ಬೇರೆ ಹಲಗೆಗೆ ಅಂಟಿಸಬೇಕು ಅಷ್ಟೇ.

ಪವರ್ ನಿಜಕ್ಕೂ ಹೋದದ್ದು ಯಾವಾಗ?

ಹೋಗುತ್ತದೆ, ಕೆಲವು ಕಾರಣಕ್ಕೆ. ತೆಳು ಹಾಳೆಯ ಮ್ಯಾಗ್ನೆಟ್ಟನ್ನು ಬಲವಾದ ನಿಯೋಡಿಮಿಯಂ ಜೊತೆ ಒಂದೇ ಡಬ್ಬಿಯಲ್ಲಿ ಹಾಕಿಟ್ಟರೆ ಪಟ್ಟೆಗಳು ಅಳಿಸಿಹೋಗಬಹುದು. ಬೆನ್ನಿಗೆ ಬೆನ್ನು ಜಾರಿಸುವ ಪರೀಕ್ಷೆಯಲ್ಲಿ ಟಕ ಟಕ ಬಾರದ ಜಾಗ ಸಿಕ್ಕಿದರೆ ಅಲ್ಲಿ ಪಟ್ಟೆ ಹೋಗಿದೆ ಅಂತ ಅರ್ಥ. ಮನೆಯಲ್ಲಿ ಸರಿ ಮಾಡಲು ಆಗುವುದಿಲ್ಲ.

1980ರ ದಶಕದಲ್ಲಿ ಬಂದ ನಿಯೋಡಿಮಿಯಂ, ಅಂದರೆ ಬೆಳ್ಳಿಯಂತೆ ಹೊಳೆಯುವ ಪುಟ್ಟ ಬಿಲ್ಲೆಗಳು, ಬಲದಲ್ಲಿ ಫೆರೈಟಿಗಿಂತ ಎಷ್ಟೋ ಮುಂದೆ. ಆದರೆ ಸುಕುಮಾರ. ಸಾಧಾರಣ ದರ್ಜೆಯದ್ದು 80 ಡಿಗ್ರಿ ಸೆಲ್ಸಿಯಸ್ ದಾಟಿದರೆ ಬಲ ಕಳೆದುಕೊಳ್ಳುತ್ತದೆ. ಒಲೆಯ ಮೇಲಿನ ಚಿಮಣಿಗೆ ಹಚ್ಚಬೇಡಿ. ಮೇಲಿನ ನಿಕ್ಕಲ್ ಲೇಪನ ಒಂದು ಕಡೆ ಎದ್ದರೂ ಸಾಕು, ಒಳಗೆ ತುಕ್ಕು ಹಿಡಿದು ಬೂದು ಪುಡಿಯಾಗಿ ಉದುರುತ್ತದೆ. ಸಮುದ್ರದ ಉಪ್ಪುಗಾಳಿ ಬೀಸುವ ಕಡೆ ಇದು ಬೇಗ ಆಗುತ್ತದೆ. ಪುಡಿ ಬಿಡುವ ಬಿಲ್ಲೆಯನ್ನು ಅಡುಗೆಮನೆಯಿಂದ ಹೊರಗೆ ಹಾಕಿ. ಫೆರೈಟ್ ಮೊದಲೇ ಆಕ್ಸೈಡು, ಅದಕ್ಕೆ ತುಕ್ಕಿನ ಭಯ ಇಲ್ಲ.

ಫೆರೈಟ್ ಗುಂಡಿ ಬಿದ್ದು ಎರಡು ಹೋಳಾದರೆ ಪವರ್ ಎಲ್ಲೂ ಹೋಗುವುದಿಲ್ಲ, ಎರಡೂ ಹೋಳು ಮ್ಯಾಗ್ನೆಟ್ಟೇ. ಅಂಟಿಸಲು ಹೋದರೆ ಮಾತ್ರ ಒಂದನ್ನೊಂದು ದೂರ ತಳ್ಳುತ್ತವೆ. ಕಪಾಟಿನ ತಗಡಿನ ಮೇಲೆ ಒಂದು ಪ್ಲಾಸ್ಟಿಕ್ ಹಾಳೆ ಹಾಸಿ, ಹೋಳುಗಳನ್ನು ಅದರ ಮೇಲೆ ಹಚ್ಚಿ ಹತ್ತಿರ ತಳ್ಳಿ ಅಂಟಿಸಿ. ಕಬ್ಬಿಣ ಅವನ್ನು ಅಲ್ಲಾಡದಂತೆ ಹಿಡಿದುಕೊಳ್ಳುತ್ತದೆ.

ಲ್ಯಾಮಿಂಗ್ಟನ್ ರೋಡ್, ಲೋಹಾರ್ ಚಾಳ್ ಕಡೆ ಬಿಡಿಭಾಗದ ಅಂಗಡಿಗಳಲ್ಲಿ ಬಿಡಿ ಮ್ಯಾಗ್ನೆಟ್ ಕೇಳಿ ನೋಡಿ. ಕೆಟ್ಟ ಸ್ಪೀಕರಿನ ಹಿಂದೆ ದೊಡ್ಡ ಫೆರೈಟ್ ಬಳೆ, ಹಳೆಯ ಹಾರ್ಡ್ ಡಿಸ್ಕಿನೊಳಗೆ ಗಟ್ಟಿ ನಿಯೋಡಿಮಿಯಂ ಇರುತ್ತದೆ, ಭಂಗಾರಿನವರಿಗೆ (ಗುಜರಿಯವರಿಗೆ) ಕೊಡುವ ಮೊದಲು ತೆಗೆದಿಟ್ಟುಕೊಳ್ಳಿ. ಚಿಕ್ಕ ಮಕ್ಕಳ ಮನೆಯಲ್ಲಿ ಮಾತ್ರ ಸಣ್ಣ ನಿಯೋಡಿಮಿಯಂ ಬಿಲ್ಲೆ, ಗುಂಡು ಬೇಡವೇ ಬೇಡ. ಮಗು ಎರಡು ನುಂಗಿದರೆ ಅವು ಕರುಳಿನ ಎರಡು ಪದರವನ್ನು ನಡುವೆ ಹಿಡಿದು ತೂತು ಮಾಡುತ್ತವೆ. ನುಂಗಿದ ಅನುಮಾನ ಬಂದರೂ ಸಾಕು, ನೇರ ಆಸ್ಪತ್ರೆಗೆ ಓಡಿ. ಪೇಸ್‌ಮೇಕರ್ ಇರುವ ಹಿರಿಯರು ಬಲವಾದ ಮ್ಯಾಗ್ನೆಟ್ಟನ್ನು ಎದೆಯಿಂದ 15 ಸೆಂ.ಮೀ. ಆದರೂ ದೂರ ಇಡಬೇಕು. ಅಂಗಿಯ ಜೇಬಿನಲ್ಲಂತೂ ಹಾಕಲೇಬಾರದು.

ಮ್ಯಾಗ್ನೆಟ್ ಸರಿ ಇದೆ, ಬೇರೆ ಏನೋ ಕೆಟ್ಟಿದೆ

ಫ್ರಿಜ್ ಮ್ಯಾಗ್ನೆಟ್ಟಿನಿಂದ ಲೈಟ್ ಬಿಲ್ ಜಾಸ್ತಿ ಬರುತ್ತದೆ ಅನ್ನುವ ಸುದ್ದಿ ವಾಟ್ಸಾಪಿನಲ್ಲಿ ತಿರುಗುತ್ತಿರುತ್ತದೆ. ಸುಳ್ಳು. ಬಾಗಿಲಿನ ತಗಡಿನ ಹಿಂದೆ ದಪ್ಪ ಫೋಮ್ ಇದೆ, ಆ ಸೆಳೆತ ಅಷ್ಟರಲ್ಲೇ ಸತ್ತುಹೋಗುತ್ತದೆ.

ಆದರೆ ಬಾಗಿಲು ತೆರೆದರೂ ಒಳಗಿನ ಲೈಟು ಹತ್ತದಿದ್ದರೆ, ಅಥವಾ ಮುಚ್ಚಿದ್ದರೂ ಫ್ರಿಜ್ಜು ಕೀಂ ಕೀಂ ಅನ್ನುತ್ತಿದ್ದರೆ, ಮೇಲಿನ ಮೂಲೆಯಲ್ಲಿ ಹೊಸದಾಗಿ ಬಲವಾದ ಮ್ಯಾಗ್ನೆಟ್ ಹಚ್ಚಿದ್ದೀರಾ ನೋಡಿ. ಕೆಲವು ಮಾಡೆಲುಗಳಲ್ಲಿ ಬಾಗಿಲು ಮುಚ್ಚಿತೋ ಇಲ್ಲವೋ ಅಂತ ತಿಳಿಯುವುದೇ ಒಂದು ಸಣ್ಣ ಮ್ಯಾಗ್ನೆಟ್ ಮತ್ತು ಅದಕ್ಕೆ ಸ್ಪಂದಿಸುವ ಸ್ವಿಚ್ಚಿನಿಂದ. ನಿಮ್ಮ ಮ್ಯಾಗ್ನೆಟ್ ಅದನ್ನು ಯಾಮಾರಿಸುತ್ತದೆ. ತೆಗೆದು ಬೇರೆ ಕಡೆ ಹಚ್ಚಿ, ಮೆಕ್ಯಾನಿಕ್ಕಿಗೆ ಫೋನ್ ಮಾಡುವ ಮೊದಲು.

ಎಟಿಎಂ ಕಾರ್ಡಿನ ಚಿಪ್ಪಿಗೆ, ಮೆಟ್ರೋ ಕಾರ್ಡಿಗೆ ಏನೂ ಆಗುವುದಿಲ್ಲ. ಕಪ್ಪು ಪಟ್ಟಿಯ ಕಾರ್ಡುಗಳು, ಅದರಲ್ಲೂ ಹೋಟೆಲ್ ಕೋಣೆಯ ಬೀಗದ ಕಾರ್ಡು, ಅಳಿಸಿಹೋಗಬಹುದು.

ಕಣ್ಣಿಗೆ ಕಾಣದ ದೊಡ್ಡ ಮ್ಯಾಗ್ನೆಟ್: ಬಾಗಿಲಿನ ಗ್ಯಾಸ್ಕೆಟ್

ಇಡೀ ಫ್ರಿಜ್ಜಿನಲ್ಲಿ ನಿಜವಾಗಿ ದುಡಿಯುವ ಮ್ಯಾಗ್ನೆಟ್ ಬಾಗಿಲಿನ ಸುತ್ತ ಇರುವ ಮೆತ್ತನೆ ರಬ್ಬರಿನ ಒಳಗಿದೆ. ಪಿಜ್ಜಾ ಮ್ಯಾಗ್ನೆಟ್ಟಿನದ್ದೇ ಸಾಮಾನು, ಉದ್ದ ಪಟ್ಟಿಯ ರೂಪದಲ್ಲಿ. ಮೊದಲಿನ ಕಾಲದ ಫ್ರಿಜ್ಜುಗಳಿಗೆ ಹೊರಗಿನಿಂದ ಕೊಕ್ಕೆ ಬೀಳುವ ಚಿಲಕ ಇತ್ತು. ಆಟವಾಡುತ್ತಾ ಒಳಗೆ ಹೊಕ್ಕ ಮಕ್ಕಳು ಹೊರಗೆ ಬರಲಾಗದೆ ಸತ್ತ ಘಟನೆಗಳಾದವು. ಅಮೆರಿಕ 1956ರಲ್ಲಿ ಕಾನೂನು ತಂದು, 1958ರ ಅಕ್ಟೋಬರ್ 30ರಿಂದ ಒಳಗಿನಿಂದಲೂ ತಳ್ಳಿ ತೆರೆಯುವಂತಿರುವ ಫ್ರಿಜ್ಜುಗಳೇ ಬೇಕು ಅಂತ ಕಡ್ಡಾಯ ಮಾಡಿತು. ಚಿಲಕ ಹೋಗಿ ಮ್ಯಾಗ್ನೆಟ್ಟಿನ ಗ್ಯಾಸ್ಕೆಟ್ ನೆಲೆಯೂರಿತು.

ಇದು ಕೆಟ್ಟಿದೆ ಅಂತ ಹೇಳುವ ಲಕ್ಷಣಗಳು: ಕಂಪ್ರೆಸರ್ ನಿಲ್ಲದೆ ಓಡುತ್ತಿರುತ್ತದೆ, ಫ್ರೀಜರಿನಲ್ಲಿ ಬೇಗ ಬೇಗ ಬರ್ಫು ಕಟ್ಟುತ್ತದೆ, ಹಾಲು ಅವಧಿಗೆ ಮೊದಲೇ ಹುಳಿಯಾಗುತ್ತದೆ, ಬಾಗಿಲಿನ ಒಂದೇ ಅಂಚಿನಲ್ಲಿ ದಿನವೂ ನೀರು ಕೂರುತ್ತದೆ. ಲೈಟ್ ಬಿಲ್ ಏರುವುದು ಈ ಮ್ಯಾಗ್ನೆಟ್ಟಿನಿಂದ, ಹೊರಗೆ ಹಚ್ಚಿದ್ದರಿಂದಲ್ಲ.

ಒಂದು ಕಾಗದದ ಪಟ್ಟಿಯನ್ನೋ ಹತ್ತು ರೂಪಾಯಿ ನೋಟನ್ನೋ ಅರ್ಧ ಒಳಗೆ ಇಟ್ಟು ಬಾಗಿಲು ಮುಚ್ಚಿ, ಹೊರಗೆ ಎಳೆಯಿರಿ. ಬಿಗಿಯಾಗಿ ಬರಬೇಕು. ಸಲೀಸಾಗಿ ಬಂದರೆ ಅಲ್ಲಿ ಸಂದು ಇದೆ. ಒಂದು ಜಾಗ ನೋಡಿ ಬಿಡಬೇಡಿ, ನಾಲ್ಕೂ ಬದಿ ಸುತ್ತಿ ಬನ್ನಿ. ಬಾಗಿಲಿನ ಹಿಂಜ್ ಇರುವ ಬದಿಯನ್ನೇ ಜನ ಮರೆಯುವುದು. ಮೂಲೆಯಲ್ಲಿ ಸ್ವಲ್ಪ ಸಡಿಲ ಇದ್ದರೆ ಗಾಬರಿ ಬೇಡ, ಒಳಗಿನ ಮ್ಯಾಗ್ನೆಟ್ ಪಟ್ಟಿ ಮೂಲೆಯ ತುದಿಯವರೆಗೂ ಹೋಗಿರುವುದಿಲ್ಲ. ರಾತ್ರಿ ಅಡುಗೆಮನೆಯ ದೀಪ ಆರಿಸಿ, ಉರಿಯುವ ಸಣ್ಣ ಟಾರ್ಚನ್ನು ಒಳಗಿಟ್ಟು ಮುಚ್ಚಿದರೂ ಗೊತ್ತಾಗುತ್ತದೆ: ಸಂದು ಇದ್ದ ಕಡೆ ಬೆಳಕಿನ ಗೆರೆ.

ಗೆರೆ ಕಂಡ ಜಾಗದಲ್ಲಿ ಗ್ಯಾಸ್ಕೆಟ್ಟಿನ ಮಡಿಕೆಯನ್ನು ಬೆರಳಿಂದ ಬಿಡಿಸಿ. ಒಣಗಿದ ದೋಸೆ ಹಿಟ್ಟು, ಕರಿಬೇವಿನ ಕಡ್ಡಿ, ತೆಂಗಿನ ತುರಿ, ಅದರ ಮೇಲೆ ಕರಿ ಬೂಷ್ಟು. ಹೆಚ್ಚಿನ ಮನೆಗಳಲ್ಲಿ ಸಿಗುವುದು ಇದೇ. ಒಂದು ಅಕ್ಕಿಕಾಳಿನಷ್ಟು ಹಿಟ್ಟು ಒಣಗಿ ನಿಂತರೂ ಅದರ ಎರಡೂ ಪಕ್ಕ ರಬ್ಬರು ತಗಡಿಗೆ ತಾಗುವುದಿಲ್ಲ. ಫ್ರಿಜ್ಜಿನ ಪ್ಲಗ್ ತೆಗೆದು, ಬಿಸಿನೀರು, ಪಾತ್ರೆ ಲಿಕ್ವಿಡ್, ಹಳೆಯ ಟೂತ್ ಬ್ರಷ್ ಹಿಡಿದು ಮಡಿಕೆ ಮಡಿಕೆ ಉಜ್ಜಿ. ಎದುರಿನ ತಗಡನ್ನೂ ಒರೆಸಿ. ಸೀಮೆಎಣ್ಣೆ, ಥಿನ್ನರ್ ಹಾಕಿದರೆ ರಬ್ಬರು ಹಾಳಾಗುತ್ತದೆ.

ಕೊಳೆ ಇಲ್ಲದಿದ್ದರೂ ಸಂದು ಇದ್ದರೆ ಸೂಜಿ ತನ್ನಿ. ದಾರ ಕಟ್ಟಿ, ಗ್ಯಾಸ್ಕೆಟ್ಟಿನ ಮುಂದೆ ತೂಗಾಡಿಸಿಕೊಂಡು ನಿಧಾನವಾಗಿ ಸಾಗಿ. ಎಲ್ಲಾ ಕಡೆ ಸೂಜಿ ಅಂಟಿಕೊಳ್ಳಬೇಕು. ಒಂದು ಜಾಗದಲ್ಲಿ ಮಾತ್ರ ಅಂಟದಿದ್ದರೆ ಒಳಗಿನ ಪಟ್ಟಿ ತುಂಡಾಗಿದೆ ಅಥವಾ ಸರಿದಿದೆ, ಗ್ಯಾಸ್ಕೆಟ್ ಬದಲಾಯಿಸಬೇಕು. ಸೂಜಿ ಅಂಟಿದರೂ ಸಂದು ಇದ್ದರೆ ರಬ್ಬರು ಸೊಟ್ಟಗಾಗಿದೆ. ಬಿಸಿನೀರಿನಲ್ಲಿ ಹಿಂಡಿದ ಬಟ್ಟೆಯನ್ನು ಆ ಜಾಗಕ್ಕೆ ಸ್ವಲ್ಪ ಹೊತ್ತು ಒತ್ತಿಹಿಡಿಯಿರಿ, ಅಥವಾ ಹೇರ್ ಡ್ರೈಯರನ್ನು ಕಡಿಮೆ ಬಿಸಿಯಲ್ಲಿ, ದೂರದಿಂದ ಆಡಿಸಿ. ಮೆತ್ತಗಾದಾಗ ಎಳೆದು ಆಕಾರಕ್ಕೆ ತಂದು ಬಾಗಿಲು ಮುಚ್ಚಿ ರಾತ್ರಿಯಿಡೀ ಬಿಡಿ. ಹಿಂಜ್ ಬದಿಯಲ್ಲಿ ರಬ್ಬರು ತಗಡಿಗೆ ಉಜ್ಜಿ ಸುರುಳಿಯಾಗುತ್ತಿದ್ದರೆ ತೆಳ್ಳಗೆ ವ್ಯಾಸಲೀನ್ ಸವರಿ.

ಬಾಗಿಲು ತಾನಾಗಿ ಮುಚ್ಚುವುದೇ ಇಲ್ಲ ಅಂದರೆ ಫ್ರಿಜ್ಜಿನ ಮುಂದಿನ ಕಾಲುಗಳನ್ನು ಒಂದಿಷ್ಟು ಎತ್ತರಿಸಿ. ಹಳೇ ಕಟ್ಟಡಗಳ ಅಡುಗೆಮನೆಯ ನೆಲ ಮೋರಿಯ ಕಡೆಗೆ ಇಳಿಜಾರಾಗಿರುತ್ತದೆ, ಫ್ರಿಜ್ಜು ಅದಕ್ಕೆ ಸರಿಯಾಗಿ ಮುಂದಕ್ಕೆ ಬಾಗುತ್ತದೆ. ಬಾಗಿಲಿನ ತಟ್ಟೆಗಳಲ್ಲಿ ಎರಡೆರಡು ಲೀಟರಿನ ಬಾಟಲಿ ತುಂಬಿದ್ದರೆ ಅದನ್ನೂ ಇಳಿಸಿ ನೋಡಿ.

ಗ್ಯಾಸ್ಕೆಟ್ ಬದಲಿಸುವುದೇ ಸರಿ ಅಂತಾದರೆ ಒಳಗಿನ ಚೀಟಿಯಲ್ಲಿರುವ ಮಾಡೆಲ್ ನಂಬರನ್ನು ಫೋಟೋ ತೆಗೆದು ಮೆಕ್ಯಾನಿಕ್ಕಿಗೆ ಕಳಿಸಿ. ಗ್ಯಾಸ್ಕೆಟ್ ಸ್ಕ್ರೂ ಹಾಕಿ ಕೂರಿಸಿದ್ದೋ, ಬಾಗಿಲಿನ ಸೀಳಿನೊಳಗೆ ಒತ್ತಿ ಕೂರಿಸಿದ್ದೋ ಅಂತ ಅಂಚು ಎತ್ತಿ ನೋಡಿ ಹೇಳಿ. ಹೊಸದು ಮಡಚಿ ಬಂದಿರುತ್ತದೆ. ಮಡಚಿದ ಗೆರೆ ಹಾಗೇ ಇದ್ದು ಕೂರಿಸಿದರೆ ಮೊದಲ ದಿನದಿಂದಲೇ ಸಂದು. ಕೂರಿಸುವ ಮೊದಲು ಬಿಸಿನೀರಿನಲ್ಲಿ ಅದ್ದಿ ನೇರ ಮಾಡಲು ಹೇಳಿ. ಕೆಲಸ ಮುಗಿದ ಮೇಲೆ ಅವರ ಎದುರಿಗೇ ನೋಟು ಹಿಡಿದು ನಾಲ್ಕೂ ಬದಿ ಎಳೆದು ನೋಡಿ, ಆಮೇಲೆ ದುಡ್ಡು ಕೊಡಿ.